ಡೋರೀನಳ ಬಿಳಿ ಪ್ಯಾಂಟು

ಶನಿವಾರ ಚೆಂಡು ಉರುಳಿಸುವ ಬೌಲ್ಸ್ ಆಟದ ಫೈನಲ್. ಬಿಳಿ ಬಟ್ಟೆಯ ಮೇಲೆ ಒಂದು ಕಲೆ ಕಂಡರೂ ಸಾಕು, ಕ್ಲಬ್ಬಿನವರು ಹುಲ್ಲಿನ ಅಂಗಳಕ್ಕೆ ಕಾಲಿಡಗೊಡುವುದಿಲ್ಲ. ತಂಡದ ನಾಯಕಿ ಡೋರೀನಳ ಒಂದೇ ಒಂದು ಬಿಳಿ ಪ್ಯಾಂಟು ತಂತಿಯ ಮೇಲೆ ಒಣಗುವಷ್ಟರಲ್ಲಿ ಕರಿ ಎಳ್ಳು ಚೆಲ್ಲಿದ ಹಾಗಾಗಿತ್ತು. ಮತ್ತೆ ಒಗೆದರೂ ಅದೇ ಕಥೆ.

ಅವಳ ಅನುಮಾನ ನೇರ ಹಿತ್ತಲ ಬೇಲಿಯಾಚೆ ಹೋಯಿತು. ಅಲ್ಲಿ ನೆರೆಮನೆಯ ಥಾನಾಸಿ ಕೆಂಡದ ಮೇಲೆ ಕುರಿಮರಿ ಸುಡುತ್ತಿದ್ದ.

"ನಿನ್ನ ಹೊಗೆಗೆ ನನ್ನ ಪ್ಯಾಂಟು ಮಸಿಬಟ್ಟೆ ಆಯ್ತಲ್ಲಯ್ಯಾ!"

"ನನ್ನ ಹೊಗೆ ಆ ಕಡೆ ಹೋಗ್ತಿದೆ, ಕಣ್ಣು ಬಿಟ್ಟು ನೋಡು ತಾಯಿ. ಬೀದೀಲಿ ಓಡೋ ಲಾರಿಗಳನ್ನ ಕೇಳು."

ಬ್ಯಾಟರಿಯಿಂದ ಓಡುವ ಲಾರಿಯ ಡ್ರೈವರ್, ಅವಳ ಗಂಡ ಕ್ಲೈವ್ ಸುಮ್ಮನಿರಬೇಕಲ್ಲ. "ನನ್ನ ಲಾರಿಗೆ ಹೊಗೆ ಕೊಳವೇನೇ ಇಲ್ಲ. ಬೇಕಾದ್ರೆ ಹಿಂದೆ ಬಂದು ಮೂಗಿಟ್ಟು ನೋಡು!"

ಥಾನಾಸಿಗೆ ರೇಗಿತು. ಮರುದಿನ ಬೆಂಕಿಯನ್ನೇ ಹಚ್ಚದೆ, ಕುರ್ಚಿ ತಂದು ಡೋರೀನಳ ಮೂಲೆಮನೆಯ ಬೀದಿಬದಿಯ ತಂತಿಯ ಕೆಳಗೆ ಕಾವಲು ಕುಳಿತ. ಅವಳೂ ಪಕ್ಕದಲ್ಲೇ ಕುಳಿತಳು. ಮೆಲ್ಬರ್ನ್ ಬಂದರಿನಿಂದ ಬಂದ ಲಾರಿಗಳೆಲ್ಲ ಗೇಟಿನೆದುರಿನ ಹಂಪ್ಸ್ ಕಂಡು ಕಿರ್ರೆಂದು ಬ್ರೇಕ್ ಒತ್ತಿದವು, ದಾಟಿ ಮತ್ತೆ ಟೈರು ತೇಯುತ್ತ ಹೊರಟವು. ಒಂದೊಂದು ಹೋದಾಗಲೂ ಕಪ್ಪು ಪುಡಿ ಎದ್ದು ಪ್ಯಾಂಟಿಗೆ ಅಂಟಿತು. ಎಲ್ಲಕ್ಕಿಂತ ಭಾರವಾದ ಕ್ಲೈವನ ಲಾರಿಯಂತೂ ಧಾರಾಳವಾಗಿಯೇ ಕೊಟ್ಟುಹೋಯಿತು.

"ಹೊಗೆ ಬಂತಾ?" ಎಂದು ಅವನು ಕಿಟಕಿಯಿಂದ ಹಲ್ಲುಕಿರಿದ.

"ಕೊಳವೆ ಇಲ್ಲ ಸರಿ, ಟೈರಿಲ್ವೇನೋ? ಬ್ರೇಕಿಲ್ವಾ?" ಎಂದು ಕೂಗಿದ ಥಾನಾಸಿ ಇತ್ತ ತಿರುಗಿದ. "ಅದಿರ್ಲಿ ಡೋರೀನ್, ಈ ಹಂಪ್ಸ್ ಹಾಕ್ಸಿದ್ಯಾರು?"

ಡೋರೀನ್ ಪ್ಯಾಂಟನ್ನು ತಂತಿಯಿಂದ ಎಳೆದುಕೊಂಡಳು. ಲಾರಿಗಳ ವೇಗ ತಗ್ಗಲೆಂದು ಬೀದಿಯವರ ಸಹಿ ಹಾಕಿಸಿ, ಕೌನ್ಸಿಲಿನವರ ತಲೆ ತಿಂದು, ಅದನ್ನು ತನ್ನ ಗೇಟಿನೆದುರೇ ಹಾಕಿಸಿಕೊಂಡವಳು ಅವಳೇ. ರಿಬ್ಬನ್ ಕತ್ತರಿಸಿದ ಫೋಟೋ ಇನ್ನೂ ಫ್ರಿಜ್ಜಿನ ಮೇಲಿತ್ತು. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

"ಥಾನಾಸಿ... ನಮ್ಮನೆ ಒಳಗೂ ಇದೇ ಪುಡಿ. ಪ್ಯಾಂಟು ಒಗೆದು ನಿನ್ನ ಅಡುಗೆಮನೇಲಿ ಒಣಹಾಕ್ಲಾ?"

"ಅಲ್ಲಿ ಮಾಂಸ ಬೇಯ್ತಿರತ್ತೆ."

"ಬೇಯ್ಲಿ ಬಿಡಪ್ಪಾ!"

ಶನಿವಾರ ಪ್ಯಾಂಟು ಹಾಲಿನಂತೆ ಬೆಳ್ಳಗಿತ್ತು. ಬೆಳ್ಳುಳ್ಳಿ, ನಿಂಬೆ, ಕುರಿಮಾಂಸದ ಘಮವೊಂದೇ ಐಬು. ಎದುರಾಳಿ ನಾಯಕಿ ಕೊನೆಯ ಚೆಂಡು ಉರುಳಿಸಲು ಬಗ್ಗಿದಾಗ ಡೋರೀನ್ ಪಕ್ಕದಲ್ಲಿ ಹಾದುಹೋದಳು. ಊಟ ಮಾಡದೆ ಬಂದಿದ್ದ ಆ ಹೆಂಗಸು ಮೂಗರಳಿಸಿ ತಿರುಗಿದಳು. ಚೆಂಡು ಅಂಚಿನ ಕಾಲುವೆಗೆ ಬಿದ್ದು ಲೆಕ್ಕಕ್ಕಿಲ್ಲದಾಯಿತು.

ಕಪ್ ಹಿಡಿದ ಡೋರೀನ್ ಸೀದಾ ಬೇಲಿಗೆ ಬಂದಳು. "ನಿನ್ನ ಹೊಗೆಗೆ ಸುಮ್ನೆ ಬೈದೆ, ತಪ್ಪಾಯ್ತು ಕಣಯ್ಯಾ. ಆ ಹಂಪ್ಸ್ ಕೀಳ್ಸೋಣ. ಮೊದಲನೇ ಸಹಿ ನಿಂದೇ."

ಥಾನಾಸಿ ತಲೆ ಕೆರೆದುಕೊಂಡ.

"ಹಾಕ್ಸುವಾಗ್ಲೂ ಮೊದಲನೇದು ನಂದೇ ಇತ್ತು, ಮಾರಾಯ್ತಿ."