ಸಪ್ಪಳವಾಗದಂತೆ ಇಳಿಸಿದವಳು

ನಾನೊಂದು ಗುಂಡುಕಲ್ಲು. ಘಟಪ್ರಭೆಯ ದಂಡೆಯಲ್ಲಿ ಸುಮ್ಮನೆ ಬಿದ್ದುಕೊಂಡಿದ್ದೆ. ಕಲ್ಲುಕುಟಿಗನೊಬ್ಬ ಚಾಣದಿಂದ ಹೊಡೆದು ಹೊಡೆದು ದುಂಡಗೆ ಮಾಡಿದ. ಅಂದೇ ನನಗೆ ಸಾಕಾಗಿ ಹೋಗಿತ್ತು. ಏಟು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ, ಎಲ್ಲಿಯ ಮಾತು!

ಊರ ಗರಡಿಮನೆಗೆ ತಂದು ಕೆಡವಿದರು. ಅಲ್ಲಿಯ ಪೈಲ್ವಾನರ ಪದ್ಧತಿಯೇ ಪದ್ಧತಿ. ನನ್ನನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆಯಬೇಕು. ದಪ್ ಎಂದು ಓಣಿಗೆಲ್ಲ ಕೇಳಬೇಕು. ಕೇಳದಿದ್ದರೆ ಎತ್ತಿದ ಲೆಕ್ಕಕ್ಕೇ ಇಲ್ಲ. ಎಲ್ಲರಿಗಿಂತ ಜೋರಾಗಿ ಒಗೆಯುತ್ತಿದ್ದವನು ಅಡಿವೆಪ್ಪ. ಅವನ ಹೆಸರು ಮೇಲೇರಿತು, ನನ್ನ ಮೈ ಚಕ್ಕೆ ಏಳುತ್ತ ಹೋಯಿತು.

ಗರಡಿ ಮುಚ್ಚಿದಾಗ, ಮುದುಕನಾಗಿದ್ದ ಅಡಿವೆಪ್ಪ ನನ್ನನ್ನು ಉರುಳಿಸಿಕೊಂಡು ತನ್ನ ಹಿತ್ತಲಿಗೆ ತಂದ. ಅಬ್ಬಾ, ಇನ್ನಾದರೂ ಮಲಗೋಣ ಅಂದುಕೊಂಡೆ. ಅಷ್ಟರಲ್ಲಿ ಅವನ ಮೊಮ್ಮಗಳು ಸುರೇಖಾ ಬಂದಳು.

ಅವಳು ದೂರ ಓಡುವ ಓಟಗಾರ್ತಿ. ಕ್ರೀಡಾ ಹಾಸ್ಟೆಲಿನ ಆಯ್ಕೆ ಓಟದಲ್ಲಿ, ಹೋದ ವರ್ಷ ಕೊನೆಯ ಏರಿನಲ್ಲಿ ಕಾಲು ಸೋತು ಹಿಂದೆ ಬಿದ್ದಿದ್ದಳು. ಈ ವರ್ಷವೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. "ಕಾಲಾಗ ಕಸುವಿಲ್ಲ, ಗುಂಡು ಎತ್ತು" ಎಂದ ಅಜ್ಜ. ಎತ್ತಿದಳು, ಅವನು ಹೇಳಿದಂತೆ ಒಗೆದಳು. ಅದೂ ದಿನಾ ಬೆಳಗ್ಗೆ, ಓಡಲು ಹೋಗುವ ಮೊದಲೇ, ಗರಡಿಯ ಶಿಸ್ತು! ಅದರ ಮೇಲೆ ತಂಬಿಗೆ ತುಂಬ ತುಪ್ಪ ಹಾಕಿದ ಹಾಲು. ಒಂದು ದಿನ ಓಡಿ ಬಂದವಳು ಹಿತ್ತಲ ಗೋಡೆ ಹಿಡಿದು ಕುಡಿದದ್ದನ್ನೆಲ್ಲ ಕಾರಿಕೊಂಡಳು. ತೊಡೆಗಳು ನಡುಗುತ್ತಿದ್ದವು. ನನ್ನ ಮೇಲೇ ಕೂತು ಅತ್ತಳು. ನನಗೂ ಸಂಕಟವಾಯಿತು.

"ಅಜ್ಜಾ, ನಾ ಕುಸ್ತಿ ಹಿಡಿಯಾಕಿ ಅಲ್ಲ, ಓಡಾಕಿ" ಎಂದಳು ಕಡೆಗೆ. "ದೂರ ಓಡೂ ದಿನ ಕಲ್ಲು ಬ್ಯಾಡ. ಕಲ್ಲಿನ ದಿನ ಓಟ ಕಡಿಮಿ. ಒಗಿಯೂದೂ ಇಲ್ಲ, ಮೆಲ್ಲಕ ಇಳಸ್ತೀನಿ."

"ಸಪ್ಪಳ ಇಲ್ಲಂದ್ರ ಅದೆಂಥಾ ಎತ್ತೂದು? ಓಣ್ಯಾಗ ನನ್ನ ಮಾನ ಕಳೀತಿ!" ಅಜ್ಜ ಮುಖ ತಿರುಗಿಸಿ ಒಳಗೆ ಹೋದ. ಮಾತೂ ಬಿಟ್ಟ.

ಅವಳು ಹಟ ಬಿಡಲಿಲ್ಲ. ಮೊಣಕಾಲು ಮಡಚಿ ನನ್ನನ್ನು ಅಪ್ಪಿ ಎತ್ತುವಳು, ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ನೆಲಕ್ಕಿಡುವಳು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಇಟ್ಟಿರಲಿಲ್ಲ. ಅಜ್ಜ ಒಳಗೆ ಕೂತು ಸಪ್ಪಳಕ್ಕೆ ಕಿವಿಗೊಡುತ್ತಿದ್ದ. ಕೇಳದೆ ನಿಟ್ಟುಸಿರು ಬಿಡುತ್ತಿದ್ದ.

ಓಟದ ದಿನ ಸಂಜೆ ಕೂಗುತ್ತಲೇ ಬಂದಳು: "ಅಜ್ಜಾ, ಆಯ್ಕಿ ಆದೆ! ಏರಿನ್ಯಾಗ ಕಾಲು ಸೋಲಲಿಲ್ಲ!"

ಮುದುಕ ಗೋಡೆ ಹಿಡಿದು ಹಿತ್ತಲಿಗೆ ಬಂದ. ಅವಳ ತಲೆ ಸವರಿದ. ಖುಷಿಗೆ ನನ್ನನ್ನು ಎತ್ತಲು ಬಗ್ಗಿದ. ನಾನು ಅಲುಗಲೇ ಇಲ್ಲ. ಅವನು ಕಣ್ಣೊರೆಸಿಕೊಂಡ, ನನಗೇ ನಾಚಿಕೆಯಾಯಿತು.

ಸುರೇಖಾ ನನ್ನನ್ನು ಹೆಗಲಿಗೇರಿಸಿದಳು, ಅಜ್ಜನ ಕಡೆ ನೋಡಿದಳು, ಹಿಂದಕ್ಕೆ ಒಗೆದಳು. ದಪ್!

"ಅಡಿವೆಪ್ಪಜ್ಜ, ಮತ್ತ ಗುಂಡು ಎತ್ತಿದೇನು?" ಎಂದು ಪಕ್ಕದ ಮನೆಯಿಂದ ಕೂಗು ಬಂತು.

"ನಾ ಅಲ್ಲ, ನನ್ನ ಮೊಮ್ಮಗಳು!" ಅಜ್ಜನ ದನಿ ನನ್ನ ಸಪ್ಪಳಕ್ಕಿಂತ ಜೋರಾಗಿತ್ತು.

ನಾನು ಎರಡು ಹೋಳಾಗಿದ್ದೆ. ನೋವಾಗಲಿಲ್ಲ ಎಂದರೆ ಸುಳ್ಳು. ಬೇಸರ ಮಾತ್ರ ಆಗಲಿಲ್ಲ. ಈಗ ನನ್ನನ್ನು ಯಾರೂ ಎತ್ತುವುದಿಲ್ಲ. ಒಂದು ಹೋಳಿನ ಮೇಲೆ ಅಜ್ಜ ಬಿಸಿಲು ಕಾಯಿಸುತ್ತ ಕೂರುತ್ತಾನೆ. ಹಾಸ್ಟೆಲಿಗೆ ರಜೆ ಬಿಟ್ಟಾಗ, ಇನ್ನೊಂದರ ಮೇಲೆ ಅವಳು ಕೂತು ಬೂಟಿನ ಲೇಸು ಕಟ್ಟುತ್ತಾಳೆ.