ಖಾಲಿ ಮನೆಗೆ ಬೀಗ

ಸರ್ವೇ ಆಫೀಸಿನಲ್ಲಿ ಅಳತೆಯ ಸರಪಳಿ ಎಳೆಯುವ ಚೈನ್‌ಮನ್ ಪಾಲಾಕ್ಷಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಬುದ್ಧಿ ಇನ್ನೊಬ್ಬರ ಬಾಯಲ್ಲಿತ್ತು. ಆ ಇನ್ನೊಬ್ಬರೆಂದರೆ ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಚಹಾ ಅಂಗಡಿಯ ದುರುಗಪ್ಪ. ಈ ದುರುಗಪ್ಪನಿಗೆ ಸ್ವಂತದ್ದೊಂದು ಗೋಡೆ ಇರಲಿಲ್ಲ. ಸೋರುವ ತಗಡಿನ ಕೆಳಗೆ ಹನ್ನೆರಡು ವರ್ಷ ಬಾಡಿಗೆಗಿದ್ದ. ಆದರೂ ಮನೆ ಕೊಳ್ಳುವ ವಿಷಯದಲ್ಲಿ ಊರಿಗೆಲ್ಲ ಅವನದೇ ಸಲಹೆ. ಈಜು ಬಾರದವನೇ ದಂಡೆಯ ಮೇಲೆ ನಿಂತು ಜೋರಾಗಿ ಕೂಗುವುದು.

ಎಂಬತ್ಮೂರನೇ ಇಸವಿ ದೀಪಾವಳಿ ಮುಗಿದ ವಾರ. ದುರುಗಪ್ಪ ಚಹಾ ಸೋಸುತ್ತ ಹೇಳಿದ:

"ಬಾಗಳಿ ಕಲ್ಲೇಶ್ವರ ಗುಡಿ ನೋಡಾಕ ಎಲ್ಲೆಲ್ಲಿಂದಾನೋ ಬರ್ತಾರ, ಕೊರಳಾಗ ಕ್ಯಾಮರಾ ಹಾಕ್ಕೊಂಡು. ಸಂಜಿ ಆದ್ರ ಎಲ್ಲಿ ಮಲಗ್ಬೇಕು ಅವ್ರು? ನನ್ನ ಬೆಂಚಿನ ಮ್ಯಾಲಾ? ಅಲ್ಲೊಂದು ಮನಿ ತಗೋ. ಬಾಡಿಗಿ ಕುಂತಲ್ಲಿ ಬರ್ತೈತಿ."

"ಎಂಥಾ ಮನಿ ತಗೋಬೇಕು?" ಎಂದ ಪಾಲಾಕ್ಷಪ್ಪ.

"ಕಿಟಕಿಯಾಗ ಗುಡಿ ಕಾಣ್ಬೇಕು. ಗುಡಿ ಕಾಣದ ಮನಿ ದನಕ್ಕ. ಹಿತ್ತಲದಾಗ ಕಕ್ಕಸು ಕಟ್ಟಿಸ್ಬೇಕು, ಬಿಳಿ ಮಂದಿ ಚೊಂಬು ಹಿಡ್ಕೊಂಡು ಬಯಲಿಗೆ ಹೋಗಲ್ಲ. ಅದಕ್ಕಿಂತ ಮುಖ್ಯ, ಜನ ಬರೋತನಕ ಖಾಲಿ ಮನಿಗೆ ಬೀಗ ಇರ್ಬೇಕು. ಬೀಗ ಇಲ್ದ ಮನಿ ಊರ ನಾಯಿಗೆ ಛತ್ರ."

ಪಾಲಾಕ್ಷಪ್ಪ ಎರಡನೇ ಚಹಾ ಕುಡಿಯುವಷ್ಟರಲ್ಲಿ ಮನೆಯೊಡೆಯನಾಗಿಬಿಟ್ಟಿದ್ದ, ಮನಸ್ಸಿನಲ್ಲಿ.

ನಿಜವಾಗಿ ಆಗಲು ಕುರಿ ಮಾರಬೇಕಾಯಿತು. ಕೂಡ್ಲಿಗಿ ಹತ್ತಿರದ ಅವನ ಊರಿನಲ್ಲಿ ಹೆಂಡತಿ ಭರಮಮ್ಮ ಇಪ್ಪತ್ತೈದು ಕುರಿ ಸಾಕಿದ್ದಳು. ಒಂದೊಂದಕ್ಕೂ ಹೆಸರಿತ್ತು. ಮಾರುವ ದಿನ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕುರಿ ವರ್ಷಕ್ಕೊಂದು ಮರಿ ಹಾಕ್ತಾವ. ನಿನ್ನ ಮನಿ ಏನು ಹಾಕ್ತೈತಿ? ಬಚ್ಚಲ ಮನಿನಾ?"

ಪಾಲಾಕ್ಷಪ್ಪನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಆಣೆ ಮಾಡುವುದು ಅವನ ಚಾಳಿ. "ಯುಗಾದಿ ಒಳಗ ಆ ಮನಿಯಿಂದ ದುಡ್ಡು ಬಂದದ್ದು ನೀನೇ ಕಣ್ಣಾರೆ ನೋಡ್ತಿ. ನೋಡಲಿಲ್ಲಂದ್ರ ಮನಿ ಮಾರಿ ಇಪ್ಪತ್ತೈದು ಕುರಿ ತಂದು ಕಟ್ತೀನಿ. ಮ್ಯಾಲ ಮೀಸಿ ಬೋಳಿಸ್ತೀನಿ!"

"ಮೀಸಿ ಯಾರಿಗೆ ಬೇಕು? ಕುರಿ ತಗೊಂಡು ಬಾ ಸಾಕು," ಎಂದಳು ಭರಮಮ್ಮ.

ಬಾಗಳಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಕಿಟಕಿಯಲ್ಲಿ ಕುತ್ತಿಗೆ ಹೊರಳಿಸಿ ಉಸಿರು ಬಿಗಿಹಿಡಿದರೆ ಗುಡಿಯ ಒಂದು ಮೂಲೆ ಕಾಣುತ್ತಿತ್ತು. ಹಿತ್ತಲಲ್ಲಿ ಕಕ್ಕಸು ಎದ್ದಿತು. ಅಷ್ಟರಲ್ಲಿ ಆಫೀಸಿನಿಂದ ಹುಕುಂ ಬಂತು: ಹಿರೇಹಡಗಲಿ ಕಡೆ ಅಳತೆ ಕೆಲಸ, ಎರಡು ತಿಂಗಳು. ಬೀಗ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಊರಿನ ಮನೆಯ ಗೂಡಿನಲ್ಲಿ ಅಪ್ಪನ ಕಾಲದ ಹಿತ್ತಾಳೆ ಬೀಗವೊಂದು ಬಿದ್ದಿದ್ದು ನೆನಪಾಯಿತು. ಇನ್‌ಲ್ಯಾಂಡ್ ಕಾಗದ ತೆಗೆದು, ಸರ್ಕಾರಿ ನೌಕರನಿಗೆ ತಕ್ಕ ಭಾಷೆಯಲ್ಲಿ ಬರೆದ:

'ಮನೆ ಖಾಲಿ ಇದೆ. ಖಾಲಿ ಮನೆಗೆ ಬೀಗ ಅತ್ಯಗತ್ಯ. ನಮ್ಮಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಬೀಗ ಕೂಡಲೇ ಬಾಗಳಿಗೆ ಕಳುಹಿಸತಕ್ಕದ್ದು. ಬಿಗಿದುಕೊಂಡಿದ್ದಲ್ಲಿ ಎಣ್ಣೆ ಹಾಕತಕ್ಕದ್ದು. ಅದಕ್ಕೂ ಬಗ್ಗದಿದ್ದಲ್ಲಿ ನಾಲ್ಕು ಏಟು ಹಾಕತಕ್ಕದ್ದು. ಬಾಗಳಿಯಲ್ಲಿ ಪಕ್ಕದ ಮನೆಯ ಎರ್ರೆಮ್ಮ ನೋಡಿಕೊಳ್ಳುತ್ತಾಳೆ.'

ಇಲ್ಲಿಯೇ ಎಡವಟ್ಟಾಯಿತು. ಹರಪನಹಳ್ಳಿಯಲ್ಲಿ ದಾವಣಗೆರೆಯ ಗಾಳಿ. ಅಲ್ಲಿ ಬಾಗಿಲಿಗೆ ಹಾಕುವುದು ಬೀಗ. ಭರಮಮ್ಮನ ಊರಿನಲ್ಲಿ ಬಾಗಿಲಿಗೆ ಹಾಕುವುದು ಕೀಲಿ. ಬೀಗ ಎಂದರೆ ಮಗಳನ್ನು ಕೊಟ್ಟ ಮನೆಯ ಹಿರಿಯ. ಆ ಹಿರಿಯ ಓಬಳೇಶಪ್ಪ, ಮಗಳ ಮಾವ, ದಸರೆಗೆಂದು ಎಂಟು ದಿನಕ್ಕೆ ಬಂದವನು, ಹದಿನೆಂಟು ಕುರಿಗಳ ಸಮೇತ ಇನ್ನೂ ಅವರ ಪಡಸಾಲೆಯಲ್ಲಿ ಮಲಗಿಯೇ ಇದ್ದ.

ಓದು ಬಾರದ ಭರಮಮ್ಮನಿಗೆ ಪೋಸ್ಟ್‌ಮನ್ ಹುಲುಗಣ್ಣ ಕಾಗದ ಓದಿ ಹೇಳಿದ. 'ಸುಮ್ಮನೆ ಬಿದ್ದಿರುವ ಹಳೆಯ ಬೀಗ' ಎಂಬಲ್ಲಿಗೆ ಬಂದಾಗ ದನಿ ತಗ್ಗಿಸಿದ. ನಾಲ್ಕು ಏಟಿಗೆ ಬಂದಾಗ ಎದ್ದೇ ನಿಂತ.

"ಭರಮಕ್ಕ, ಹೊಡೀಬೇಕು ಅಂತ ಐತ್ಬೇ."

"ಎರಡು ತಿಂಗಳು ಉಂಡಿದ್ದಕ್ಕ ಬೀಗರನ್ನ ಹೊಡಿಯಾಕ ಹೇಳ್ತಾನಾ? ನೌಕರಿ ತಲಿಗೇರೈತಿ ಅವ್ನಿಗೆ," ಎಂದು ಭರಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಆ ಎರ್ರೆಮ್ಮ ಯಾಕ ನೋಡ್ಕೋಬೇಕಂತ?"

ಏಟಿನ ವಿಷಯ ನುಂಗಿಕೊಂಡು ಎಣ್ಣೆಯ ವಿಷಯವನ್ನಷ್ಟೇ ಅವಳು ಬೀಗನಿಗೆ ತಿಳಿಸಿದಳು. ಬೆಳಿಗ್ಗೆ ಹರಳೆಣ್ಣೆ ಕಾಯಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಹಚ್ಚಿಸಿ, ಎರಡು ಹಂಡೆ ನೀರು ಹಾಕಿಸಿದಳು. ಓಬಳೇಶಪ್ಪನ ಕಣ್ಣು ತುಂಬಿ ಬಂತು.

"ನನ್ನ ಮೊಣಕಾಲು ಬಿಗಿದಾವ ಅಂತ ಬೀಗರು ಅಲ್ಲಿ ಕುಂತು ನೆನಿಸ್ಯಾರಲ್ಲವ್ವ! ಹೆತ್ತ ಮಗ ನೆನಿಸಿಲ್ಲ. ಅವರ ಮನಿ ಕಾಯೋದು ಇನ್ನ ನನ್ನ ಜೀವದ ಕೆಲಸ."

ಹೆಗಲಿಗೆ ಕಂಬಳಿ, ಮುಂದೆ ಹದಿನೆಂಟು ಕುರಿ. ನಾಲ್ಕು ದಿನ ನಡೆದು ಬಾಗಳಿ ಸೇರಿದ. ಹಿಂದಿನಿಂದ ಭರಮಮ್ಮ ಅವನ ಊಟಕ್ಕೆಂದು ಎರಡು ಚೀಲ ಜೋಳವನ್ನು ಲಾರಿಯಲ್ಲಿ ಹಾಕಿ ಕಳಿಸಿದಳು.

ಎರಡು ತಿಂಗಳು ಕಳೆದು ಪಾಲಾಕ್ಷಪ್ಪ ಹಿರೇಹಡಗಲಿಯಿಂದ ಮರಳಿದ. ಮಾರನೆಯ ಬೆಳಿಗ್ಗೆಯೇ ಸೈಕಲ್ ಹತ್ತಿ ಬಾಗಳಿಗೆ ಹೊರಟ. ದಾರಿಯುದ್ದಕ್ಕೂ ಬಾಡಿಗೆ ಹೇಗೆ ಕೇಳಬೇಕೆಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದ. ಓಣಿಯ ತಿರುವಿನಲ್ಲಿ ಎರ್ರೆಮ್ಮ ಸೆಗಣಿ ತಟ್ಟುತ್ತಿದ್ದಳು.

"ಎರ್ರೆಮ್ಮ, ಬೀಗ ಬಂತೇನು?"

"ಬಂದಾರಲ್ರಿ! ಬಂದು ಎರಡು ತಿಂಗಳಾತು. ಬಾಳ ಒಳ್ಳೇರು. ಈಗ ರೊಟ್ಟಿ ತಿಂದ್ರು."

ಪಾಲಾಕ್ಷಪ್ಪ ಸೈಕಲ್ ಮೇಲೆಯೇ ನಿಂತುಬಿಟ್ಟ. ಬಂದಾರ? ರೊಟ್ಟಿ? ಹಿತ್ತಾಳೆ ರೊಟ್ಟಿ ತಿನ್ನುವುದಿಲ್ಲ ಎಂಬುದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಕಾಗದದ ಒಂದೊಂದೇ ಸಾಲು ನೆನಪಾಯಿತು. ನಾಲ್ಕು ಏಟಿನ ಸಾಲು ನೆನಪಾದಾಗ ಸೈಕಲ್ ಕೆಳಗೆ ಬಿತ್ತು, ಅದರೊಂದಿಗೆ ಅವನೂ.

ಎದ್ದು ನೋಡಿದರೆ ಮನೆಯ ಬಾಗಿಲು ಹಾರುಹೊಡೆದಿತ್ತು. ಅಂಗಳದ ತುಂಬ ಕುರಿ. ಕಟ್ಟೆಯ ಮೇಲೆ ಒಬ್ಬ ಬಿಳಿ ಹೆಂಗಸು ತೊಡೆಯ ಮೇಲೆ ಕುರಿಮರಿ ಇಟ್ಟುಕೊಂಡು ಅದರ ಕಿವಿಗೆ ಏನೋ ಹೇಳುತ್ತಿದ್ದಳು. ಅವಳ ಗಂಡ, ಕೆಂಪು ಗಡ್ಡದವನು, ಕಂಬಳಿ ಹೊದ್ದು ಕ್ಯಾಮರಾ ಒರೆಸುತ್ತಿದ್ದ. ಓಬಳೇಶಪ್ಪ ಸೇರು ಹಿಡಿದು ಆ ಗಡ್ಡದವನ ಚೀಲಕ್ಕೆ ಜೋಳ ಅಳೆದು ಹಾಕುತ್ತಿದ್ದ.

"ಬರ್ರಿ ಬೀಗರ, ಬರ್ರಿ! ಎರಡು ದಿನ ತಂಗಿದ್ರು. ಎರಡು ಸೇರು ಹಾಕಿ ಕಳಸ್ತೀನಿ."

"ಕಳಸ್ತೀನಿ? ಅವ್ರು ನಮಗ ಕೊಡ್ಬೇಕ್ರಿ!"

ಓಬಳೇಶಪ್ಪ ಸೇರು ಕೆಳಗಿಟ್ಟ. ಹುಚ್ಚನಿಗೆ ಲೆಕ್ಕ ಹೇಳಿಕೊಡುವವನ ತಾಳ್ಮೆಯಿಂದ ಹೇಳಿದ: "ಅಲ್ರಿ, ಹಿಂದಿನಿಂದ ಬಂದ ಪದ್ಧತಿ. ಮಂದಿ ತಂಗಿದ್ರ ಜಾಗದ ಒಡೆಯ ಕಾಳು ಕೊಡ್ಬೇಕು. ನಾನು ಐವತ್ತು ವರ್ಷದಾಗ ಎಷ್ಟು ಹೊಲದಾಗ ತಂಗೀನಿ, ಒಬ್ಬನಾದ್ರೂ ನನ್ನ ಕಡಿಂದ ದುಡ್ಡು ಕೇಳ್ಯಾನಾ? ಕೇಳಿದ್ರ ಅವನ ಬಾಯಿಗೆ ಮಣ್ಣು!"

ಅವನು ಹೇಳುತ್ತಿದ್ದುದು ಕುರಿ ಮಂದೆಯ ಪದ್ಧತಿ. ಹೊಲದಲ್ಲಿ ಮಂದೆ ತಂಗಿದರೆ ಗೊಬ್ಬರ ಬೀಳುತ್ತದೆ. ಅದಕ್ಕೆ ಹೊಲದವನು ಕಾಳು ಕೊಡುತ್ತಾನೆ. ಆದರೆ ನಮ್ಮ ಕಡೆ ಬಾಯಲ್ಲಿ ಮಂದೆಯೂ ಮಂದಿ, ಜನರೂ ಮಂದಿ. ಓಬಳೇಶಪ್ಪ ಎರಡಕ್ಕೂ ಒಂದೇ ಕಾನೂನು ಇಟ್ಟುಕೊಂಡಿದ್ದ.

"ಕುರಿ ಗೊಬ್ಬರ ಹಾಕ್ತಾವ್ರಿ!" ಎಂದು ಪಾಲಾಕ್ಷಪ್ಪ ಕೂಗಿದ.

"ಇವರೇನು ಉಪವಾಸ ಅದಾರಾ? ಇವರೂ ಹಿತ್ತಲಿಗೆ ಹೋಗ್ತಾರ."

"ಹಿತ್ತಲಿಗ್ಯಾಕ? ಕಕ್ಕಸು ಕಟ್ಟಿಸೀನಲ್ಲ!"

"ಆ ಸಣ್ಣ ಗುಡಿನಾ? ಅದರಾಗ ಜೋಳದ ಚೀಲ ಇಟ್ಟೀನಿ. ಇಲಿ ಬರಲ್ಲ."

ಆಗ ಗಡ್ಡದವನು ಎದ್ದು ಬಂದ. ಜೇಬಿನಿಂದ ನೂರರ ನೋಟು ತೆಗೆದು, ಎರಡೂ ಕೈಯಿಂದ ಓಬಳೇಶಪ್ಪನ ಮುಂದೆ ಹಿಡಿದ. ಪಾಲಾಕ್ಷಪ್ಪನಿಗೆ ಆ ನೋಟಿನಲ್ಲಿ ಮೀಸೆ ಕಂಡಿತು, ಯುಗಾದಿ ಕಂಡಿತು. ಬಾಯಿಪಾಠದ ಇಂಗ್ಲಿಷು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಓಬಳೇಶಪ್ಪ ನೋಟನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಡಚಿ, ಗಡ್ಡದವನ ಜೇಬಿಗೇ ತುರುಕಿ ಎದೆ ತಟ್ಟಿದ.

"ಇಟ್ಕೋ ತಮ್ಮ. ನಮ್ಮ ಬೀಗರು ಸೂರು ಮಾರೋ ಮಂದಿ ಅಲ್ಲ. ಹೌದಲ್ರಿ ಬೀಗರ?"

ಪಾಲಾಕ್ಷಪ್ಪನ ಹಣೆಯ ನರ ಹಗ್ಗದಂತೆ ಎದ್ದಿತು. ಬೈಯಬಹುದಿತ್ತು. ಆದರೆ ಬೈದರೆ ನಿಜ ಹೇಳಬೇಕು. 'ನನಗೆ ಬೇಕಾಗಿದ್ದು ಎರಡು ಸೇರಿನ ಹಿತ್ತಾಳೆ, ನೀನಲ್ಲ' ಎಂದು ಮಗಳ ಮಾವನಿಗೆ ಹೇಳುವ ಗಂಡಸು ಕೊಟ್ಟೂರು ಸುತ್ತ ಇನ್ನೂ ಹುಟ್ಟಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಸಿಟ್ಟನ್ನು ನುಂಗಿದ. ರುಚಿ ಹರಳೆಣ್ಣೆಯಂತಿತ್ತು.

"ಹೌದು," ಎಂದ.

ಬಿಳಿ ಜೋಡಿ ಕೈಮುಗಿದು, ಜೋಳದ ಚೀಲ ಹೊತ್ತು ಬಸ್ಸಿಗೆ ಹೋಯಿತು.

"ಇಲ್ಲಿತನಕ ಎಷ್ಟು ಮಂದಿ ಬಂದ್ರು?" ಎಂದು ಪಾಲಾಕ್ಷಪ್ಪ ಸತ್ತ ದನಿಯಲ್ಲಿ ಕೇಳಿದ.

"ಏಳು ತಂಡ ಬಂದ್ವು. ಒಬ್ಬರನ್ನೂ ಬರಿಗೈಲಿ ಕಳಿಸಿಲ್ಲ. ನಿಮ್ಮ ಹೆಸರು ಬಾಳ ದೂರ ಹೋಗೈತಿ."

ಯುಗಾದಿಯ ಹಿಂದಿನ ದಿನ ಭರಮಮ್ಮ ಬಸ್ಸಿಳಿದು ಬಂದಳು. ಮೊದಲು ಎರ್ರೆಮ್ಮನನ್ನು ನೋಡಿದಳು. ಎರ್ರೆಮ್ಮನಿಗೆ ಎಪ್ಪತ್ತು ವರ್ಷ ಎಂದು ತಿಳಿದ ಮೇಲೆ ಅರ್ಧ ಸಮಾಧಾನವಾಯಿತು. ಆಮೇಲೆ ಗಂಡನ ಕಡೆ ತಿರುಗಿದಳು.

"ದುಡ್ಡು ಎಲ್ಲಿ?"

ಪಾಲಾಕ್ಷಪ್ಪ ಮೀಸೆ ಮುಟ್ಟಿ ನೋಡಿಕೊಂಡ. ಕ್ಷೌರದವನಿಗೆ ಹೇಳಿಕಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಬಾಗಿಲ ಮುಂದೆ ಎತ್ತಿನ ಗಾಡಿ ನಿಂತಿತು. ಕೆಳಗಿನ ಕೇರಿಯ ರೈತನೊಬ್ಬ ಒಳಗೆ ಬಂದು ಅಂಗಳದ ಗೊಬ್ಬರದ ರಾಶಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ. ನಾಲ್ಕು ತಿಂಗಳ, ಹದಿನೆಂಟು ಕುರಿಗಳ, ಒಂದು ಹನಿ ಮಳೆ ಬೀಳದ ಗೊಬ್ಬರ.

"ಮೂರು ಗಾಡಿ ಆಗ್ತೈತಿ. ಮನಿ ಯಜಮಾನ್ರು ಯಾರು?"

"ನಾನೇ!" ಎಂದು ಪಾಲಾಕ್ಷಪ್ಪ ಕುರಿ ಹಾರಿಕೊಂಡು ಓಡಿದ. ರೈತ ಕೊಟ್ಟ ನೋಟುಗಳನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿದ. "ನೋಡು! ಕಣ್ಣಾರೆ ನೋಡು! ಮನಿಯಿಂದ ಬಂದ ದುಡ್ಡು!"

"ಮನಿದಲ್ಲ ಅದು, ಕುರೀದು!"

"ಮನಿ ಅಂಗಳದಾಗ ಬಿದ್ದೈತಿ!"

"ಬಿದ್ದಿದ್ದು ಕುರಿ ಹಿಂದಿನಿಂದ!"

ಓಣಿಯವರೆಲ್ಲ ಗೋಡೆ ಹತ್ತಿದರು. ಕೊನೆಗೆ ಓಬಳೇಶಪ್ಪ ಕಂಬಳಿ ಕೊಡವಿ ನ್ಯಾಯ ಹೇಳಿದ. "ಮನಿ ಇಲ್ದಿದ್ರ ಕುರಿ ಎಲ್ಲಿ ತಂಗ್ತಿದ್ವು? ಕುರಿ ಇಲ್ದಿದ್ರ ಮನಿ ಏನು ಹಾಕ್ತಿತ್ತು? ಮನಿ ಇರ್ಲಿ. ಈ ದುಡ್ಡಿಗೆ ನಮ್ಮ ಭರಮಮ್ಮ ತಂಗೆವ್ವಗ ಎರಡು ಕುರಿ ತಂದು ಇಲ್ಲೇ ಕಟ್ರಿ. ನಾನು ಎಲ್ಲೂ ಹೋಗಲ್ಲ."

ಆ ಕೊನೆಯ ಮಾತಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಮನೆ ಉಳಿಯಿತು, ಮೀಸೆಯೂ ಉಳಿಯಿತು.

ಎರಡು ಕುರಿ ಬಂದವು. ಬಸ್ಸಿಗೆ ಕಾಯುವಾಗ ಪಾಲಾಕ್ಷಪ್ಪ ಹೆಂಡತಿಗೆ ಕಾಗದದ ನಿಜ ಹೇಳಿದ. ಅವಳು ಕೈಚೀಲ ಕೆಳಗಿಟ್ಟಳು.

"ಕೀಲಿ ಅನ್ನಾಕ ನಿನ್ನ ನಾಲಿಗಿ ಬಿದ್ದುಹೋಗಿತ್ತೇನು? ನಾನು ಹೆದರಿ ಹೆದರಿ ಬೀಗರಿಗೆ ನಾಲ್ಕು ಏಟು ತಪ್ಪಿಸೀನಿ!"

ಆ ಬೇಸಿಗೆಯಲ್ಲಿ ದುರುಗಪ್ಪನ ಅಂಗಡಿಗೆ ಒಬ್ಬ ಹೊಸ ಮೇಷ್ಟ್ರು ಬಂದ. ಉಜ್ಜಿನಿಗೆ ಬರುವ ಭಕ್ತರಿಗೆ ಬಾಡಿಗೆ ಕೊಡಲು ಮನೆ ಕೊಳ್ಳಬೇಕಂತೆ. ದುರುಗಪ್ಪ ಸೋಸುವ ಬಟ್ಟೆ ಹಿಂಡಿ, "ಮೊದಲನೇ ಮಾತು, ಕಿಟಕಿ," ಎಂದು ಶುರು ಮಾಡಿದ.

ಮೂಲೆಯ ಬೆಂಚಿನಿಂದ ಪಾಲಾಕ್ಷಪ್ಪ ಎದ್ದು ಬಂದ. ಬಟ್ಟಲನ್ನು ಮೇಜಿನ ಮೇಲೆ ಕುಟ್ಟಿದ.

"ಕಿಟಕಿ ಗಿಟಕಿ ಏನೂ ಬ್ಯಾಡ್ರಿ ಮೇಷ್ಟ್ರೇ. ಮನಿ ತಗೊಳ್ಳೋಕಿಂತ ಮೊದ್ಲು ಸಂತಿಗೆ ಹೋಗ್ರಿ, ಕೀಲಿ ತಗೋರಿ, ನೀವೇ ಕೈಯಾರೆ ಹಾಕ್ರಿ. ಮನಿಗೆ ಮಾತ್ರ ಕಾಗದ ಬರೀಬ್ಯಾಡ್ರಿ!"