ತಿಂಗಳ ನಡುವಿನ ಅದಲುಬದಲು

ರಾತ್ರಿ ಎರಡೂ ಹತ್ತಕ್ಕೆ ಔಷಧಿ ಫ್ರಿಜ್‌ನ ಬಾಗಿಲು ತೆರೆದ ಶಬ್ದ ಕೇಳಿಸಿತು. ಶಬ್ದವೆಂದರೆ ಅಂಚಿನ ರಬ್ಬರು ಬಿಟ್ಟುಕೊಳ್ಳುವಾಗಿನ ಸಣ್ಣ 'ಪಚ್' ಅಷ್ಟೇ. ವಾರ್ಡಿನಲ್ಲಿ ಯಾರೂ ಹೊರಳಲಿಲ್ಲ. ನಾನು ಅತ್ತೆಯ ಮಂಚದ ಪಕ್ಕದ ಬೆಂಚಿನ ಮೇಲೆ, ಬಟ್ಟೆಯ ಚೀಲವನ್ನೇ ದಿಂಬು ಮಾಡಿಕೊಂಡು, ಅರ್ಧ ನಿದ್ದೆಯಲ್ಲಿದ್ದೆ.

ಆ ಫ್ರಿಜ್‌ನಲ್ಲಿ ಇನ್ಸುಲಿನ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ನಮ್ಮ ವಾರ್ಡುಗಳಲ್ಲಿ ಇನ್ಸುಲಿನ್ ಕೊಡುವುದು ಊಟಕ್ಕೆ ಮುಂಚೆ. ರಾತ್ರಿ ಎರಡು ಗಂಟೆಗೆ ಯಾರೂ ಊಟ ಮಾಡುವುದಿಲ್ಲ. ಇಷ್ಟು ನನಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅದೇ ಆಸ್ಪತ್ರೆಯ ಆಫೀಸಿನಲ್ಲಿ ಕೂತು ನರ್ಸ್‌ಗಳ ಡ್ಯೂಟಿ ಪಟ್ಟಿ ಬರೆಯುವವಳು ನಾನು.

ಪರದೆ ಸರಿಸಿಕೊಂಡು ಮೆತ್ತಕ್ಕ ಬಂದಳು. ರೋಗಿಗಳು ಇಟ್ಟ ಹೆಸರು ಅದು. ಅವಳ ನಡಿಗೆ, ಮಾತು, ಸೂಜಿ ಚುಚ್ಚುವ ಕೈ, ಎಲ್ಲವೂ ಮೆತ್ತಗೆ. ನನಗೆ ಬೆನ್ನು ಮಾಡಿ ನಿಂತು, ಅತ್ತೆಯ ಕೈಗೆ ಹೋಗುವ ಡ್ರಿಪ್ ನಳಿಗೆಯ ಬಳಿ ಏನೋ ಮಾಡಿದಳು. ಅರ್ಧ ನಿಮಿಷವಿರಬಹುದು.

"ಏನ್ ಸಿಸ್ಟರ್?" ಎಂದೆ.

"ಎದ್ಬಿಟ್ರಾ? ಏನಿಲ್ಲಕ್ಕ, ಕೈ ಊದಿದ್ಯಾ ಅಂತ ನೋಡ್ದೆ. ಮಲ್ಕೊಳ್ಳಿ."

ಹೋಗುವಾಗ ನನ್ನ ಹೊದಿಕೆಯನ್ನೂ ಎಳೆದು ಸರಿಮಾಡಿದಳು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಅವಳ ವಿಷಯದಲ್ಲಿ ಆ ವಾರ್ಡಿನ ರೋಗಿಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

ಎಂಟು ತಿಂಗಳ ಹಿಂದೆ ಒಬ್ಬ ಕಿರಿಯ ಡಾಕ್ಟರ್ ಒಂದು ಹಾಳೆ ಹಿಡಿದು ಆಡಳಿತಾಧಿಕಾರಿಯ ಕೋಣೆಗೆ ಬಂದಾಗ, ಪಟ್ಟಿಗೆ ಸಹಿ ಹಾಕಿಸಿಕೊಳ್ಳಲೆಂದು ನಾನೂ ಅಲ್ಲೇ ನಿಂತಿದ್ದೆ. ಸಕ್ಕರೆ ಕಾಯಿಲೆಯೇ ಇಲ್ಲದ ಮೂವರು ರೋಗಿಗಳಿಗೆ, ಮೂರು ಬೇರೆ ಬೇರೆ ಬೆಳಗಿನ ಜಾವ, ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದು ಎಚ್ಚರ ತಪ್ಪಿತ್ತು. ಇಬ್ಬರು ಉಳಿಯಲಿಲ್ಲ. ಮೂರೂ ರಾತ್ರಿ ಡ್ಯೂಟಿಯಲ್ಲಿದ್ದವಳು ಮೆತ್ತಕ್ಕ. ಮೂರನೆಯವರಿಂದ ಆ ಬೆಳಿಗ್ಗೆ ತೆಗೆದ ರಕ್ತ ಇನ್ನೂ ಇದೆ, ಹೊರಗಿನ ಲ್ಯಾಬಿಗೆ ಕಳಿಸಿದರೆ ಯಾರಾದರೂ ಇನ್ಸುಲಿನ್ ಚುಚ್ಚಿದ್ದಾರೆಯೇ ಎಂದು ಗೊತ್ತಾಗುತ್ತದೆ ಎಂದರು ಡಾಕ್ಟರ್.

"ರಕ್ತ ಹೊರಗೆ ಹೋದ್ರೆ ಮಾತೂ ಹೊರಗೆ ಹೋಗುತ್ತೆ ಡಾಕ್ಟ್ರೇ," ಎಂದರು ಆಡಳಿತಾಧಿಕಾರಿ. "ಮುಂದಿನ ತಿಂಗಳು ತಪಾಸಣೆಯವರು ಬರ್ತಾರೆ. ಮೂರು ಸಲಾನೂ ಅವಳಿದ್ಲು ಅಂತೀರಿ. ಮೂರು ಸಲಾನೂ ಆ ಗೋಡೆ ಗಡಿಯಾರಾನೂ ಅಲ್ಲೇ ಇತ್ತು. ಅದನ್ನೂ ವಿಚಾರಿಸೋಣ್ವಾ?"

ಅಲ್ಲೇ ಕೂತಿದ್ದ ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ನಕ್ಕರು. ನಾನೂ ನಕ್ಕಿದ್ದೆ.

ಮಾತು ಹೇಗೋ ಮೆತ್ತಕ್ಕನ ಕಿವಿಗೆ ಬಿತ್ತು. ಅವಳು ಮೇಟ್ರನ್ ಮುಂದೆ ಅತ್ತಳು. ವಾರದೊಳಗೆ ಡಾಕ್ಟರ್ ಅದೇ ಕೋಣೆಯಲ್ಲಿ ಅವಳ ಕ್ಷಮೆ ಕೇಳಬೇಕಾಯಿತು, ಬರವಣಿಗೆಯಲ್ಲಿ. ಆ ಪತ್ರ ಟೈಪ್ ಮಾಡಿದವಳು ನಾನು. ಅವರು ಬರೆದಿದ್ದ 'ಸಂಶಯ' ಎಂಬ ಪದವನ್ನು ತೆಗೆದು, ಆಡಳಿತಾಧಿಕಾರಿ ಹೇಳಿದಂತೆ, 'ಕಾಳಜಿ' ಎಂದು ಹಾಕಿದೆ. ಅವರ ಹಾಳೆ ಮೇಜಿನ ಡ್ರಾಯರಿಗೆ ಹೋಯಿತು. ರಕ್ತ ಏನಾಯಿತೋ ನನಗೆ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ ಆಡಳಿತಾಧಿಕಾರಿ ನನ್ನನ್ನು ಕರೆದರು. "ನೋಡಮ್ಮ, ಅವಳನ್ನ ಒಂದೇ ವಾರ್ಡಲ್ಲಿ ಎರಡು ತಿಂಗಳ ಮೇಲೆ ಇಡ್ಬೇಡಿ. ಸುತ್ತಿಸ್ತಾ ಇರಿ. ಕಾರಣ ಬರೆಯೋ ಜಾಗದಲ್ಲಿ ಸಿಬ್ಬಂದಿ ಕೊರತೆ ಅಂತ ಹಾಕಿ."

ವಿಚಾರಣೆ ಮಾಡುವಷ್ಟು ಅವರು ಡಾಕ್ಟರ ಮಾತನ್ನು ನಂಬಿರಲಿಲ್ಲ, ಸುಮ್ಮನೆ ಬಿಡುವಷ್ಟು ಧೈರ್ಯವೂ ಇರಲಿಲ್ಲ. ನಾನು ಸುತ್ತಿಸುತ್ತಾ ಬಂದೆ. ಒಂದು ವಾರ್ಡಿನಲ್ಲಿ ಆದದ್ದು ಇನ್ನೊಂದು ವಾರ್ಡಿಗೆ ತಿಳಿಯುವುದಿಲ್ಲ. ಎಲ್ಲಿ ಏನೇ ಆದರೂ ಅಲ್ಲಿನವರಿಗೆ ಅದು ಮೊದಲ ಸಲ. ನನ್ನ ಪಟ್ಟಿಯನ್ನೂ ಸಾವಿನ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಿತ್ತು. ಹಾಗೆ ನೋಡು ಎಂದು ಯಾರೂ ಹೇಳಲಿಲ್ಲ, ನಾನೂ ನೋಡಲಿಲ್ಲ. ಆ ತಿಂಗಳು ಅವಳ ಸರದಿ ಕೆಳಗಿನ ಹೆಂಗಸರ ವಾರ್ಡಿಗೆ ಬಿದ್ದಿತ್ತು. ಪಟ್ಟಿ ಮುಗಿಸಿ ಒಂದು ವಾರಕ್ಕೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಖಾಲಿ ಇದ್ದದ್ದು ಅದೇ ವಾರ್ಡಿನ ಒಂದು ಮಂಚ.

ಬೆಳಿಗ್ಗೆ ಐದೂವರೆಗೆ ಅತ್ತೆಯ ಹಣೆ ಮುಟ್ಟಿದರೆ ಬೆವರಿನಿಂದ ತೊಯ್ದಿತ್ತು. ಕರೆದರೆ ಕಣ್ಣು ಬಿಡಲಿಲ್ಲ. ಬಾಯಲ್ಲಿ ಏನೋ ತೊದಲಿದರು. ನಾನು ಕೂಗಿಕೊಂಡ ಮೇಲೆ ಮೆತ್ತಕ್ಕನೇ ಓಡಿಬಂದಳು, ಅವಳೇ ಬೆರಳು ಚುಚ್ಚಿ ನೋಡಿದಳು. ಸಕ್ಕರೆ ಕಾಯಿಲೆಯೇ ಇಲ್ಲದ ಅತ್ತೆಗೆ, ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೂವತ್ತೆಂಟು. ಅವಳೇ ಗ್ಲೂಕೋಸ್ ಏರಿಸಿದಳು. ಎಂಟು ಗಂಟೆಗೆ ಅತ್ತೆ ಮೊದಲಿನಂತಾದರು.

"ಏನೇ, ಹೋಗೇಬಿಟ್ಲು ಅಂದ್ಕೊಂಡ್ಯಾ? ಅಷ್ಟು ಅದೃಷ್ಟ ಇಲ್ಲ ಬಿಡು ನಿಂಗೆ," ಎಂದರು. "ಆ ಮೆತ್ತಕ್ಕನ್ನ ನೋಡಿ ಕಲಿ. ಕೈ ಹಿಡ್ಕೊಂಡು ಕೂತಿದ್ಲು. ನೀನೋ, ಒಳ್ಳೇ ಕಂಬದ ಥರ ನಿಂತಿದ್ದೆ."

ಬೆಳಗಿನ ಪಾಳಿಯ ದೊಡ್ಡ ಡಾಕ್ಟರ್ ಚಾರ್ಟ್ ನೋಡಿ, "ವಯಸ್ಸಾದವರು, ಸರಿಯಾಗಿ ತಿಂದಿರಲ್ಲ," ಎಂದು ಮುಂದಿನ ಮಂಚಕ್ಕೆ ಹೋದರು. ಅತ್ತೆ ಹಿಂದಿನ ರಾತ್ರಿ ತಮ್ಮ ಊಟ ಮುಗಿಸಿ ನನ್ನದರಲ್ಲೂ ಅರ್ಧ ತಿಂದಿದ್ದರು.

ಹತ್ತು ಗಂಟೆಗೆ ಆಡಳಿತಾಧಿಕಾರಿಯ ಮುಂದೆ ನಿಂತೆ. ಹೇಳುವುದನ್ನೆಲ್ಲ ಮೆಟ್ಟಿಲಿನ ಮೇಲೆಯೇ ಜೋಡಿಸಿಕೊಂಡು ಹೋಗಿದ್ದೆ.

"ಇನ್ಸುಲಿನ್ ಕೈಯಲ್ಲಿ ಹಿಡ್ಕೊಂಡಿದ್ದನ್ನ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ಫ್ರಿಜ್ ಬಾಗಿಲಿನ ಶಬ್ದ ಕೇಳ್ತು. ಆಮೇಲೆ ಡ್ರಿಪ್ ಹತ್ರ ನಿಂತಿದ್ಲು."

"ಸಿಸ್ಟರ್‌ಗಳು ಅದರಲ್ಲಿ ನೀರಿನ ಬಾಟ್ಲಿ ಇಡ್ತಾರಮ್ಮ. ಇಡಬಾರದು, ಆದ್ರೂ ಇಡ್ತಾರೆ. ನಿಮಗೂ ಗೊತ್ತು."

ಗೊತ್ತಿತ್ತು.

"ಅತ್ತೆಯವರ ರಕ್ತ ಸ್ವಲ್ಪ ತೆಗೆದಿಟ್ರೆ..."

"ಬರೆದು ಕೊಡ್ತೀನಿ ಅಂದ್ರೆ ಕೊಡಿ. ನಾನು ಬೇಡ ಅನ್ನಲ್ಲ. ಡಾಕ್ಟರೂ ಬರೆದು ಕೊಟ್ಟಿದ್ರಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲಾಂದ್ರೆ, ಪಟ್ಟಿ ಹೇಗೂ ನಿಮ್ಮ ಕೈಲೇ ಇದೆ."

ಯಾರ ಸಹಿಯೂ ಇಲ್ಲದ ಅಪ್ಪಣೆ ಅದು.

ಅತ್ತೆ ಇನ್ನೂ ಒಂದು ವಾರ ಏಳುವಂತಿರಲಿಲ್ಲ. ಮೆತ್ತಕ್ಕನನ್ನು ರೋಗಿಗಳ ಸಹವಾಸವೇ ಇಲ್ಲದ ಕಡೆ, ಹಗಲು ಚೀಟಿ ಬರೆಯುವ ಕೆಲಸಕ್ಕೆ ಹಾಕಬೇಕೆಂದರೆ ಮೇಟ್ರನ್ ಒಪ್ಪಿಗೆ ಬೇಕು. ಮೇಟ್ರನ್ ಕಾರಣ ಕೇಳುತ್ತಾರೆ. ರಾತ್ರಿ ಪಾಳಿಯ ಇಬ್ಬರನ್ನು ಅದಲುಬದಲು ಮಾಡುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಎರಡನೇ ಮಹಡಿಯ ಗಂಡಸರ ವಾರ್ಡಿನಲ್ಲಿದ್ದ ಬಸುರಿ ಸಿಸ್ಟರ್, ಲಿಫ್ಟ್ ಕೆಟ್ಟಾಗಲೆಲ್ಲ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಹದಿನೈದು ದಿನದಿಂದ ನನ್ನ ಬೆನ್ನು ಬಿದ್ದಿದ್ದಳು. ಅವಳ ಹೆಸರು ಅಳಿಸಿ ಕೆಳಗೆ ಬರೆದೆ. ಮೆತ್ತಕ್ಕನ ಹೆಸರು ಅಳಿಸಿ ಮೇಲೆ ಬರೆದೆ. ಕಾರಣದ ಜಾಗದಲ್ಲಿ ಸಿಬ್ಬಂದಿ ಕೊರತೆ ಎಂದು ಹಾಕಿದೆ.

ನರ್ಸ್‌ಗಳು ನನ್ನ ಬೆನ್ನ ಹಿಂದೆ ನನ್ನನ್ನು ಹಣೆಬರಹದಮ್ಮ ಎನ್ನುತ್ತಾರೆ. ಬಸುರಿ ಸಿಸ್ಟರ್ ಅಂದು ಮುಖದೆದುರೇ ಅಂದಳು. "ಹಣೆಬರಹದಮ್ಮಂಗೂ ಕರುಳಿದೆ ಅಂತ ಎಲ್ರಿಗೂ ಹೇಳ್ತೀನಿ ನೋಡಿ."

ಮೇಲಿನ ವಾರ್ಡಿನಲ್ಲಿ ಮಲಗಿದ್ದ ಇಪ್ಪತ್ತನಾಲ್ಕು ಗಂಡಸರು ಆಗ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾದರು. ಅತ್ತೆ ಒಂದು ಸಲ ಮನೆಗೆ ಬಂದುಬಿಡಲಿ, ಆಮೇಲೆ ಏನಾದರೂ ಮಾಡೋಣ ಎಂದುಕೊಂಡೆ. ಆ ರಾತ್ರಿ ಬೆಂಚಿನ ಮೇಲೆ ನಾನು ಗೊರಕೆ ಹೊಡೆದೆನೆಂದು ಅತ್ತೆ ಬೆಳಿಗ್ಗೆ ಅಕ್ಕಪಕ್ಕದ ಮಂಚದವರಿಗೆಲ್ಲ ವರದಿ ಒಪ್ಪಿಸಿದರು.

ನಾಲ್ಕನೇ ದಿನ ಬೆಳಗಿನ ಜಾವ ಮೇಲಿನ ವಾರ್ಡಿನ ಒಂಬತ್ತನೇ ಮಂಚದವರು ತೀರಿಕೊಂಡರು. ಬೀಗ ರಿಪೇರಿ ಮಾಡುತ್ತಿದ್ದವರು. ಎದೆಯ ಸೋಂಕು ವಾಸಿಯಾಗಿ, ಮರುದಿನ ಮನೆಗೆ ಹೋಗಬೇಕಿತ್ತು. ಹೃದಯ ನಿಂತಿತು ಎಂದು ಬರೆದರು. ಸಕ್ಕರೆ ಎಷ್ಟಿತ್ತು ಎಂದು ಕೇಳಲು ನನ್ನಿಂದ ಆಗಲಿಲ್ಲ. ನಿಜವಾಗಿ ಹೃದಯವೇ ನಿಂತಿರಬಹುದು. ಇದನ್ನು ನಾನು ಅಂದಿನಿಂದ ದಿನಕ್ಕೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಮಧ್ಯಾಹ್ನ ಅವರ ಮಗಳು ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಅಪ್ಪನ ಕನ್ನಡಕ, ಚಪ್ಪಲಿ ಒಂದು ಕವರಿನಲ್ಲಿದ್ದವು.

"ರಾತ್ರಿ ಇದ್ದ ಸಿಸ್ಟರ್ ಹೆಸರು ಬೇಕಿತ್ತು ಮೇಡಂ."

"ಯಾಕಮ್ಮ?"

"ಥ್ಯಾಂಕ್ಸ್ ಹೇಳ್ಬೇಕು. ಕೊನೇಲಿ ಅಪ್ಪನ ಕೈ ಹಿಡ್ಕೊಂಡು ಕೂತಿದ್ರಂತೆ. ನಾನೇ ಇರ್ಬೇಕಿತ್ತು. ಅವ್ರೇ, ನೀನು ಸುಸ್ತಾಗಿದ್ದೀಯ, ಮನೆಗೆ ಹೋಗಿ ಮಲ್ಕೊ, ನಾನು ನೋಡ್ಕೋತೀನಿ ಅಂದ್ರು."

ಚೀಟಿಯಲ್ಲಿ ಹೆಸರು ಬರೆದು ಕೊಟ್ಟೆ. ಅವಳು ನನಗೂ ಥ್ಯಾಂಕ್ಸ್ ಹೇಳಿದಳು.

ಸಂಜೆ ಆಫೀಸು ಖಾಲಿಯಾದ ಮೇಲೆ ಆ ಕಿರಿಯ ಡಾಕ್ಟರ್ ಬಂದು, ಬಾಗಿಲು ಹಾಕಿ, ಎದುರಿನ ಕುರ್ಚಿಯಲ್ಲಿ ಕೂತರು. ಎಂಟು ತಿಂಗಳಲ್ಲಿ ಅವರು ನನ್ನ ಬಳಿ ಒಂದು ಮಾತೂ ಆಡಿರಲಿಲ್ಲ.

"ಒಂಬತ್ತನೇ ಬೆಡ್‌ದು ಸಾಯೋ ಕಾಯಿಲೆ ಅಲ್ಲ," ಎಂದರು. "ಈ ಸಲ ಆಡಳಿತಾಧಿಕಾರಿ ಹತ್ರ ಹೋಗಲ್ಲ. ನೇರ ಪೊಲೀಸಿಗೆ ಹೋಗ್ತೀನಿ. ಆದ್ರೆ ನಾನು ಕ್ಷಮೆ ಕೇಳಿದೋನು, ನನ್ನೊಬ್ಬನ ಮಾತು ನಡೆಯಲ್ಲ. ಏನಾದ್ರೂ ನೋಡಿದೋರು, ಕೇಳಿದೋರು ಇನ್ನೊಬ್ಬರು ಬೇಕು. ಒಬ್ಬರೇ ಸಾಕು."

ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

"ತಿಂಗಳ ನಡುವೆ ಅವಳು ಮೇಲಕ್ಕೆ ಹೇಗೆ ಬಂದ್ಲು?"

"ಬಸುರಿ ಹುಡುಗಿ ಮೆಟ್ಟಿಲು ಹತ್ತೋಕಾಗಲ್ಲ ಅಂದ್ಲು ಡಾಕ್ಟ್ರೇ. ಸಿಬ್ಬಂದಿ ಕೊರತೆ ಬೇರೆ."

"ನಿಮ್ಮ ಅತ್ತೆಯವರೂ ಕೆಳಗೇ ಇದ್ದಾರಲ್ವಾ? ಸಕ್ಕರೆ ಇಳಿದಿತ್ತು ಅಂತ ಕೇಳ್ದೆ. ಆ ರಾತ್ರಿ ನೀವು ಪಕ್ಕದಲ್ಲೇ ಇದ್ರಿ."

"ವಯಸ್ಸಾದವರಲ್ವಾ," ಎಂದೆ. "ಸರಿಯಾಗಿ ತಿಂದಿರ್ಲಿಲ್ಲ."

ಅವರು ಏನಾದರೂ ನೆನಪಾದರೆ ಹೇಳಿ ಎಂದು ಫೋನ್ ನಂಬರ್ ಬರೆದಿಟ್ಟು ಎದ್ದರು.

ಭಾನುವಾರ ಅತ್ತೆಯನ್ನು ಮನೆಗೆ ಕರೆತಂದೆವು. ಮುಂಬಾಗಿಲ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದ್ದೆ. ಮಲಗಿಸಿದ ತಕ್ಷಣ ಪರದೆಯ ಬಣ್ಣ ಸರಿಯಿಲ್ಲ ಎಂದರು. ಆಮೇಲೆ, "ಆ ಮೆತ್ತಕ್ಕನ್ನ ಒಂದಿನ ಮನೆಗೆ ಕರಿಯೇ. ಕಡೇ ದಿನಗಳಲ್ಲಿ ಕಾಣಿಸಲೇ ಇಲ್ಲ ಪಾಪ," ಎಂದರು.

"ಕರೀತೀನಿ ಅತ್ತೆ."

ನಮ್ಮವರು ಅತ್ತೆಯ ಔಷಧಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಜೋಡಿಸುತ್ತಿದ್ದವರು ನನ್ನ ಕಡೆ ತಿರುಗಿದರು. "ಯಾಕೆ ಹಿಂಗೆ ಬಿಳಿಚ್ಕೊಂಡಿದ್ದೀಯ? ಆಸ್ಪತ್ರೇಲಿ ಏನಾದ್ರೂ ಆಯ್ತಾ?"

ಹೇಳುವುದಾದರೆ ಪೂರ್ತಿ ಹೇಳಬೇಕಿತ್ತು. ಅತ್ತೆಗೆ ಆದದ್ದನ್ನು ಹೇಳಿದರೆ ಮೆತ್ತಕ್ಕನನ್ನು ಯಾರಾದರೂ ತಡೆಯುತ್ತಿದ್ದರು. ಆದರೆ ಅದರ ತಾರೀಖಿನ ಪಕ್ಕದಲ್ಲೇ ನನ್ನ ಕೈಬರಹದ ಅದಲುಬದಲೂ ಇದೆ. ಎಲ್ಲ ಗೊತ್ತಿದ್ದೇ ಅವಳನ್ನು ನಮ್ಮಪ್ಪನ ಬಳಿಗೆ ಕಳಿಸಿದಿರಾ ಎಂದು ಒಂಬತ್ತನೇ ಮಂಚದವರ ಮಗಳು ಕೇಳಿದರೆ ಉತ್ತರವಿಲ್ಲ. ನಾಳೆ ಮುಂದಿನ ತಿಂಗಳ ಪಟ್ಟಿ ಬರೆಯಬೇಕು, ಮೆತ್ತಕ್ಕನನ್ನು ಎಲ್ಲಾದರೂ ಹಾಕಲೇಬೇಕು ಎಂಬುದೂ ನೆನಪಿತ್ತು.

"ಏನೂ ಆಗಿಲ್ಲ. ನಿದ್ದೆ ಇಲ್ಲ ಅಷ್ಟೇ," ಎಂದೆ.

ಇವರಿಗೆ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಅತ್ತೆಯ ಕಾಲಿನ ಕೆಳಗೆ ದಿಂಬು ಇಡುತ್ತಾ, ತೀರ್ಮಾನಿಸಿದೆ.